ಸತ್ತವರಿಗಾಗಿ ನಾವು ಏನು ಮಾಡಬಲ್ಲೆವು? ಪರಲೋಕದ ಬಗೆಬಗೆಯ ಕಲ್ಪನೆಗಳನ್ನು ಓದುವ ಕುರಿತು

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕನ್ನಡದ ಯಾವುದೇ ದಿನಪತ್ರಿಕೆಯ ನಿಧನವಾರ್ತೆಯ ಪುಟವನ್ನು ತೆರೆದರೆ, ಒಂದೇ ಜಿಲ್ಲೆಯಲ್ಲಿ ಒಂದೇ ವಾರ ತೀರಿಕೊಂಡವರು ಬೇರೆ ಬೇರೆ ಕಡೆಗೆ ಹೋಗಿರುವುದು ಕಾಣುತ್ತದೆ. ಒಬ್ಬರು ಲಿಂಗೈಕ್ಯರಾಗಿದ್ದಾರೆ, ಮತ್ತೊಬ್ಬರು ವೈಕುಂಠವಾಸಿಗಳಾಗಿದ್ದಾರೆ, ಇನ್ನೊಬ್ಬರು ಪ್ರಭುವಿನಲ್ಲಿ ನಿದ್ರಿಸಿದ್ದಾರೆ. ಇವೆಲ್ಲ ಶಿಷ್ಟಾಚಾರದ ಮಾತುಗಳೆಂದು ನಾವು ಕಣ್ಣು ಹಾಯಿಸಿ ಮುಂದೆ ಹೋಗುತ್ತೇವೆ. ಆದರೆ ಒಂದೊಂದರ ಹಿಂದೆಯೂ ಶತಮಾನಗಳ ವಾದವಿದೆ, ಆ ವಾದಗಳು ಒಂದಕ್ಕೊಂದು ಹೊಂದುವಂಥವಲ್ಲ, ಮತ್ತು ಅವುಗಳನ್ನು ಕಟ್ಟಿದವರಿಗೆ ಅವು ಹೊಂದುವುದಿಲ್ಲವೆಂಬುದು ಚೆನ್ನಾಗಿ ಗೊತ್ತಿತ್ತು.

ಪರಲೋಕದ ಬಗ್ಗೆ ಓದಲು ತೊಡಗಿದವರು ಸಾಮಾನ್ಯವಾಗಿ ಮೊದಲು ಒಂದು ಪಟ್ಟಿ ಮಾಡಿಕೊಳ್ಳುತ್ತಾರೆ: ಈ ಮತದಲ್ಲಿ ಸ್ವರ್ಗ ನರಕಗಳಿವೆ, ಆ ಮತದಲ್ಲಿ ಪುನರ್ಜನ್ಮವಿದೆ, ಮತ್ತೊಂದರಲ್ಲಿ ಮೋಕ್ಷವಿದೆ. ಈ ಪಟ್ಟಿ ಬಹುಬೇಗ ಕೈಕೊಡುತ್ತದೆ, ಏಕೆಂದರೆ ಜೈನರಿಗೂ ಸ್ವರ್ಗವಿದೆ, ಶ್ರೀವೈಷ್ಣವರಿಗೂ ಪುನರ್ಜನ್ಮವಿದೆ, ಮೋಕ್ಷವೆಂಬ ಪದವನ್ನು ಎಲ್ಲರೂ ಬಳಸುತ್ತಾರೆ. ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ಬದುಕಿರುವವರು ಸತ್ತವರಿಗಾಗಿ ಏನನ್ನಾದರೂ ಮಾಡಬಲ್ಲರೇ, ಮಾಡಿದರೆ ಅದು ಅವರಿಗೆ ತಲುಪುತ್ತದೆಯೇ ಎಂದು ಕೇಳುತ್ತಾ ಓದಿದರೆ, ಮತಗಳ ನಡುವಿನ ನಿಜವಾದ ಗೆರೆಗಳು ಕಾಣತೊಡಗುತ್ತವೆ ಎಂಬುದು ನನ್ನ ಅಭಿಪ್ರಾಯ. ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರಗಳು ಗ್ರಂಥಗಳಲ್ಲಿರುವಷ್ಟೇ ಕಲ್ಲಿನ ಮೇಲೆಯೂ ಬಾಳೆಯೆಲೆಯ ಮೇಲೆಯೂ ಇವೆ.

ಮೊದಲು ಕಲ್ಲನ್ನು ನೋಡೋಣ. ನಮ್ಮ ಹಳ್ಳಿಗಳ ಅಂಚಿನಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ, ಮೇಲಿನದರಲ್ಲಿ ಲಿಂಗದ ಸನ್ನಿಧಿಯಲ್ಲಿ ಕುಳಿತ ಅದೇ ವೀರ. ಅನೇಕ ಕಲ್ಲುಗಳ ಮೇಲೆ, ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ಈ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆಯೇಕೆ ಎಂಬರ್ಥದ ಸಂಸ್ಕೃತ ಶ್ಲೋಕವಿದೆ. ಹೀಗೆ ಸತ್ತವನಿಗೆ ದಾರಿಯನ್ನು ಯಾರೂ ತೋರಿಸಬೇಕಿಲ್ಲ. ಸತ್ತ ರೀತಿಯೇ ಅವನನ್ನು ಮೇಲಿನ ಪಟ್ಟಿಕೆಗೆ ಏರಿಸಿಬಿಡುತ್ತದೆ. ಊರಿನವರ ಪಾಲಿಗೆ ಉಳಿಯುವುದು ಕಲ್ಲು ನಿಲ್ಲಿಸುವುದು, ಅದನ್ನು ಪೂಜಿಸುವುದು, ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಡುವುದು.

ಈ ಪೂಜೆಯ ಹೊಣೆ ಎಷ್ಟು ಗಟ್ಟಿಯಾದುದಾಗಿತ್ತು ಎಂಬುದನ್ನು ತಿಳಿಯಬೇಕಾದರೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಓದಬೇಕು. ಅದು ಒಂದು ನಾಯಿಯ ಸ್ಮಾರಕ. 949ರ ಸುಮಾರಿಗೆ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ಸೇವಕನಿಗೆ, ಬೇಕಾದುದನ್ನು ಕೇಳು ಎಂದು ಒಡೆಯನು ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟನು. ಶಾಸನದ ಕೊನೆಯಲ್ಲಿ ಒಂದು ಕಟ್ಟಳೆಯಿದೆ: ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಎಂದರೆ ಶೈವ ಅರ್ಚಕನು, ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪವನ್ನು ಅವನು ಹೊರಬೇಕಾಗುತ್ತದೆ. ನಾಯಿ ಸ್ವರ್ಗಕ್ಕೆ ಹೋಯಿತೋ ಇಲ್ಲವೋ ಎಂಬ ವಿಚಾರವನ್ನು ಬಿಟ್ಟು, ಅದರ ಪಾಪ ಯಾರ ತಲೆಗೆ ಸುತ್ತಿಕೊಳ್ಳುತ್ತದೆ ಎಂಬುದನ್ನು ಈ ಕಟ್ಟಳೆ ಖಚಿತವಾಗಿ ಹೇಳುತ್ತದೆ. ಪಾಪವೆಂಬುದು ಸತ್ತವರಿಂದ ಬದುಕಿರುವವರಿಗೆ ವರ್ಗಾವಣೆಯಾಗಬಲ್ಲದು ಎಂಬ ನಂಬಿಕೆ ಇಲ್ಲಿ ಕಾನೂನಿನಂತೆ ಕೆಲಸ ಮಾಡುತ್ತಿದೆ.

ರಣದಲ್ಲಿ ಸತ್ತವನಿಗೆ ಸ್ವರ್ಗವೆಂಬುದನ್ನು ಗೀತೆಯೂ ಹೇಳುತ್ತದೆ. ಆದರೆ ಈ ಮಾತನ್ನು ಎಲ್ಲರೂ ಒಪ್ಪಿರಲಿಲ್ಲ. ಪಾಲಿ ಭಾಷೆಯ ಬೌದ್ಧ ಗ್ರಂಥವಾದ ಸಂಯುತ್ತ ನಿಕಾಯದಲ್ಲಿ ಒಬ್ಬ ಯೋಧ ಬುದ್ಧನ ಬಳಿಗೆ ಬಂದು, ಕಾಳಗದಲ್ಲಿ ಮಡಿದವರು ದೇವತೆಗಳ ನಡುವೆ ಹುಟ್ಟುತ್ತಾರೆಂದು ತನ್ನ ಹಿರಿಯರು ಹೇಳುತ್ತಾರೆ, ತಮ್ಮ ಅಭಿಪ್ರಾಯವೇನು ಎಂದು ಕೇಳುತ್ತಾನೆ. ಅದನ್ನು ಕೇಳಬೇಡ ಎಂದು ಬುದ್ಧ ಎರಡು ಸಲ ತಪ್ಪಿಸಿಕೊಳ್ಳುತ್ತಾನೆ. ಮೂರನೆಯ ಸಲ ಕೇಳಿದಾಗ, ಕೊಲ್ಲುವ ಮನಸ್ಸಿನಲ್ಲಿ ಸತ್ತವನಿಗೆ ನರಕ, ಸ್ವರ್ಗವೆಂಬ ಮಿಥ್ಯಾದೃಷ್ಟಿಯನ್ನು ಹಿಡಿದವನಿಗೆ ನರಕ ಇಲ್ಲವೇ ಪಶುಜನ್ಮ ಎನ್ನುತ್ತಾನೆ. ಯೋಧ ಅಳುತ್ತಾನೆ, ಅಳುವುದು ಬುದ್ಧನ ಮಾತಿಗಲ್ಲ, ಇಷ್ಟು ದಿನ ಹಿರಿಯರು ತನ್ನನ್ನು ವಂಚಿಸಿದರಲ್ಲ ಎಂಬುದಕ್ಕೆ. ವೀರಗಲ್ಲಿನ ಶ್ಲೋಕವನ್ನೂ ಈ ಸಂವಾದವನ್ನೂ ಅಕ್ಕಪಕ್ಕ ಇಟ್ಟು ಓದಿದ ಮೇಲೆ, ಭಾರತೀಯ ಚಿಂತನೆ ಪರಲೋಕದ ಬಗ್ಗೆ ಹೀಗೆ ಹೇಳುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ಯಾರಿಗೂ ಉಳಿಯಬಾರದು.

ಇನ್ನು ಶ್ರವಣಬೆಳಗೊಳದ ಚಿಕ್ಕಬೆಟ್ಟ. ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಅಲ್ಲಿನ ಶಾಸನಗಳ ಸಂಪುಟವನ್ನು ಸಾವಿನ ಬಗೆಗಿನ ಕನ್ನಡದ ಮೊದಲ ಸಂಕಲನವೆಂದೇ ಓದಬಹುದು, ಏಕೆಂದರೆ ಆ ಬೆಟ್ಟದ ಹಳೆಯ ಬರಹಗಳಲ್ಲಿ ಬಹುಪಾಲು ಆಹಾರ ತೊರೆದು ದೇಹ ಬಿಟ್ಟವರ ನಿಸಿದಿಗಳು, ಎಂದರೆ ಸ್ಮಾರಕಗಳು. ಸುಮಾರು 700ರ ಕಾಲದ ನಂದಿಸೇನ ಮುನಿಯ ಪದ್ಯ ಎಲ್ಲರಿಗೂ ಪರಿಚಿತವಾದುದು. ರೂಪ, ಲೀಲೆ, ಧನ, ವೈಭವಗಳು ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಬೇಗ ಹರಿದುಹೋಗುತ್ತವೆ, ಈ ಭೂಮಿಯಲ್ಲಿ ಇರುವುದನ್ನು ನಾನು ಮೆಚ್ಚೆನು ಎಂದು ಸನ್ಯಸನವನ್ನು, ಎಂದರೆ ಉಪವಾಸದಿಂದ ದೇಹ ಬಿಡುವ ವ್ರತವನ್ನು, ಕೈಗೊಂಡ ಆ ಮುನಿ "ದೇವಲೋಕಕ್ಕೆ ಸಂದಾನ್" ಎಂದು ಪದ್ಯ ಮುಗಿಯುತ್ತದೆ. ಕನ್ನಡದ ಸೊಗಸಾದ ಹಳೆಯ ಪದ್ಯಗಳಲ್ಲಿ ಇದೂ ಒಂದು ಎಂದು ಮೆಚ್ಚುವಾಗ ಕೊನೆಯ ಮಾತನ್ನು ನಾವು ಗಮನಿಸುವುದಿಲ್ಲ. ಅಷ್ಟು ಕಠಿಣವಾದ ವ್ರತ ಹಿಡಿದವನು ಮೋಕ್ಷಕ್ಕೆ ಹೋಗದೆ ದೇವಲೋಕಕ್ಕೆ ಹೋದದ್ದೇಕೆ? ಜೈನ ಸಿದ್ಧಾಂತದ ಪ್ರಕಾರ ನಾವಿರುವ ಪಂಚಮ ಕಾಲದಲ್ಲಿ, ಎಂದರೆ ಇಳಿಮುಖವಾದ ಕಾಲಚಕ್ರದ ಐದನೆಯ ಘಟ್ಟದಲ್ಲಿ, ಈ ಭರತಕ್ಷೇತ್ರದಿಂದ ಯಾರಿಗೂ ನೇರವಾಗಿ ಮೋಕ್ಷವಿಲ್ಲ, ಮಹಾವೀರನ ಪರಂಪರೆಯ ಜಂಬೂಸ್ವಾಮಿಯೇ ಅದನ್ನು ಪಡೆದ ಕೊನೆಯವನು. ದೇವಲೋಕವೆಂಬುದು ಆ ದಾರಿಯ ನಡುವಿನ ಒಂದು ಜನ್ಮವಷ್ಟೆ, ಅದೂ ಒಂದು ದಿನ ಮುಗಿಯುತ್ತದೆ. ಶಾಸನ ಬರೆದವನು ಹೊಗಳಿಕೆಯ ಉತ್ಸಾಹದಲ್ಲಿಯೂ ಸಿದ್ಧಾಂತದ ಗೆರೆ ದಾಟಿಲ್ಲ.

ಈಗ ನಮ್ಮ ಪ್ರಶ್ನೆಯನ್ನು ಜೈನರಿಗೆ ಕೇಳೋಣ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಜೀವವು ಒಂದು ದೇಹವನ್ನು ಬಿಟ್ಟು ಮುಂದಿನ ಹುಟ್ಟಿನ ನೆಲೆಯನ್ನು ತಲುಪಲು ಹಿಡಿಯುವುದು ಕೆಲವೇ ಸಮಯಗಳು. ಸಮಯವೆಂದರೆ ಕಾಲದ ಅತ್ಯಂತ ಚಿಕ್ಕ ಅಳತೆ. ಹಾಗಿದ್ದಮೇಲೆ ಹತ್ತು ದಿನ ಮನೆಯ ಸುತ್ತ ಸುಳಿಯುವ ಪ್ರೇತಕ್ಕೆ ಇಲ್ಲಿ ಸ್ಥಳವಿಲ್ಲ, ಪಿಂಡಕ್ಕೆ ಸ್ಥಳವಿಲ್ಲ, ಒಬ್ಬರ ಪುಣ್ಯವನ್ನು ಇನ್ನೊಬ್ಬರಿಗೆ ಕೊಡುವ ಮಾತೂ ಇಲ್ಲ. ಸತ್ತವರಿಗಾಗಿ ಏನು ಮಾಡಬಲ್ಲಿರಿ ಎಂಬುದಕ್ಕೆ ಜೈನರ ಉತ್ತರ ಏನೂ ಇಲ್ಲ ಎಂಬುದೇ. ಆದ್ದರಿಂದಲೇ ಸಾಯುವವನು ಸಾಯುವ ಮೊದಲು ತನ್ನ ಕೆಲಸವನ್ನು ತಾನೇ ಮುಗಿಸಬೇಕು, ಮತ್ತು ಸಲ್ಲೇಖನವೆಂಬ ಈ ಉಪವಾಸದ ವ್ರತಕ್ಕೆ ಅಷ್ಟು ಬೆಲೆ ಬಂದದ್ದು ಈ ಕಾರಣದಿಂದ ಎಂದು ನಾನು ಓದಿಕೊಂಡಿದ್ದೇನೆ. 982ರಲ್ಲಿ ರಾಷ್ಟ್ರಕೂಟರ ಕೊನೆಯ ದೊರೆ ನಾಲ್ಕನೆಯ ಇಂದ್ರನು ರಾಜ್ಯವನ್ನೆಲ್ಲ ಕಳೆದುಕೊಂಡ ಮೇಲೆ ಇದೇ ಬೆಳಗೊಳದಲ್ಲಿ ಈ ವ್ರತದಿಂದ ದೇಹ ಬಿಟ್ಟನು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಯೆಂದು ಪರಿಗಣಿಸಿ ತೀರ್ಪು ಕೊಟ್ಟಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಆಗ ನಡೆದ ಚರ್ಚೆಯಲ್ಲಿ ಎರಡೂ ಕಡೆಯವರು ಬದುಕುವ ಹಕ್ಕು, ಧರ್ಮದ ಹಕ್ಕು ಎಂದು ಮಾತಾಡಿದರೇ ಹೊರತು, ಸತ್ತ ಮೇಲೆ ಯಾರೂ ನೆರವಿಗೆ ಬರಲಾರರು ಎಂಬ ನಂಬಿಕೆಯಿಂದ ಈ ವ್ರತ ಹುಟ್ಟಿದೆ ಎಂಬುದು ಹೆಚ್ಚಾಗಿ ಮಾತಿಗೆ ಬರಲಿಲ್ಲ.

ಶ್ರಾದ್ಧವನ್ನು ನಂಬುವವರ ನಿಲುವು ಇದಕ್ಕೆ ನೇರ ವಿರುದ್ಧವಾದುದು. ಅಲ್ಲಿ ಸತ್ತವನು ತಾನೇ ತಾನಾಗಿ ಪಿತೃವಾಗುವುದಿಲ್ಲ. ಮಗ ಕೊಡುವ ಪಿಂಡಗಳಿಂದ ಅವನಿಗೆ ಒಂದು ಸೂಕ್ಷ್ಮ ದೇಹ ಒದಗಬೇಕು, ಸಪಿಂಡೀಕರಣದಲ್ಲಿ ಪ್ರೇತದ ಪಿಂಡವು ಅವನ ತಂದೆ, ತಾತ, ಮುತ್ತಾತಂದಿರ ಪಿಂಡಗಳೊಂದಿಗೆ ಸೇರಬೇಕು, ಆಮೇಲೆಯೇ ಅವನು ಹಿರಿಯರ ಸಾಲಿನಲ್ಲಿ ಕೂರುತ್ತಾನೆ. ಅವನು ಈಗಾಗಲೇ ಎಲ್ಲೋ ಮರುಹುಟ್ಟು ಪಡೆದಿದ್ದರೆ ಈ ಅನ್ನ ಯಾರಿಗೆ ಎಂಬ ಸಂಶಯ ಹಳೆಯದು. ನಾಮಗೋತ್ರಗಳೇ ಹವಿಸ್ಸನ್ನು ಒಯ್ಯುತ್ತವೆ, ಆತ ದೇವನಾಗಿದ್ದರೆ ಅದು ಅಮೃತವಾಗುತ್ತದೆ, ಪಶುವಾಗಿದ್ದರೆ ಹುಲ್ಲಾಗುತ್ತದೆ ಎಂದು ಪುರಾಣಗಳು ಉತ್ತರ ಕೊಟ್ಟಿವೆ. ಈ ಉತ್ತರವನ್ನು ನಗೆಪಾಟಲು ಮಾಡಿದ ಕಥೆಯೂ ಕನ್ನಡದಲ್ಲಿದೆ. ಜನ್ನನು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನೂ ಅವನ ತಾಯಿಯೂ ಪ್ರಾಣಿಗಳಾಗಿ ಮತ್ತೆ ಮತ್ತೆ ಹುಟ್ಟುತ್ತಾರೆ. ಮಗನು ತಂದೆಯ ತೃಪ್ತಿಗಾಗಿ ಮಾಡಿಸುವ ಶ್ರಾದ್ಧದ ಅಡುಗೆಗೆ ಆ ತಂದೆಯೇ ಪ್ರಾಣಿಯಾಗಿ ಬಲಿಯಾಗುತ್ತಾನೆ. ರಾಣಿ ಅಮೃತಮತಿಯು ಮಾವುತ ಅಷ್ಟಾವಂಕನಿಗೆ ಮನಸೋತ ಪ್ರಸಂಗವನ್ನು ನಾವು ತರಗತಿಗಳಲ್ಲಿ ಎಷ್ಟು ಚರ್ಚಿಸಿದ್ದೇವೆಂದರೆ, ಆ ಕಾವ್ಯ ಪಿತೃಕಾರ್ಯದ ಮೇಲೆ ಒಬ್ಬ ಜೈನ ಕವಿ ಬೀಸಿದ ಕತ್ತಿ ಎಂಬುದು ಮರೆತೇಹೋಗಿದೆ.

ಹನ್ನೆರಡನೆಯ ಶತಮಾನದ ಶರಣರನ್ನು ಓದುವಾಗ ಒಂದು ಎಚ್ಚರ ಬೇಕು. ದೇವಲೋಕ ಮರ್ತ್ಯಲೋಕಗಳು ಬೇರೆಯಲ್ಲ, ಸತ್ಯವ ನುಡಿವುದೇ ದೇವಲೋಕ, "ಆಚಾರವೇ ಸ್ವರ್ಗ, ಅನಾಚಾರವೇ ನರಕ" ಎಂಬ ಬಸವಣ್ಣನವರ ವಚನವನ್ನು ಮುಂದಿಟ್ಟು, ಅವರು ಪರಲೋಕವನ್ನೇ ನಿರಾಕರಿಸಿದರು ಎಂದು ಹೇಳುವುದು ಈಗ ರೂಢಿಯಾಗಿದೆ. ಆದರೆ ಮರ್ತ್ಯಲೋಕವನ್ನು ಕರ್ತಾರನ ಕಮ್ಮಟವೆಂದು, ಎಂದರೆ ನಾಣ್ಯ ಅಚ್ಚುಹಾಕುವ ಟಂಕಸಾಲೆಯೆಂದು, ಕರೆದು, "ಇಲ್ಲಿ ಸಲ್ಲುವರು ಅಲ್ಲಿಯೂ ಸಲ್ಲುವರಯ್ಯಾ" ಎಂದವರೂ ಅವರೇ. ಎರಡನ್ನೂ ಒಟ್ಟಿಗೆ ಓದಿದರೆ, ಅವರು ಕಿತ್ತುಕೊಂಡದ್ದು ಪರಲೋಕಕ್ಕೆಂದೇ ಬೇರೆಯಾಗಿದ್ದ ತಕ್ಕಡಿಯನ್ನು ಎಂದು ತೋರುತ್ತದೆ; ಇಲ್ಲಿ ನಡೆದುಕೊಂಡ ರೀತಿಯ ಹೊರತು ಅಲ್ಲಿ ತೂಗಲು ಬೇರೆ ಏನೂ ಇಲ್ಲ. ಷಟ್‌ಸ್ಥಲದ ಆರು ಮೆಟ್ಟಿಲುಗಳಲ್ಲಿ ಕೊನೆಯದಾದ, ಲಿಂಗದಲ್ಲಿ ಒಂದಾಗುವ ಐಕ್ಯವನ್ನು ಬದುಕಿರುವಾಗಲೇ ಏರಬೇಕಾದುದರಿಂದ, ಸತ್ತ ಮೇಲೆ ಪುರೋಹಿತನು ನಡೆಸಿಕೊಡಬೇಕಾದ ಪಯಣ ಯಾವುದೂ ಉಳಿಯುವುದಿಲ್ಲ. ಈ ತತ್ತ್ವವನ್ನು ಗ್ರಂಥಕ್ಕಿಂತ ಸ್ಪಷ್ಟವಾಗಿ ಹೇಳುವುದು ವೀರಶೈವ ಲಿಂಗಾಯತರ ಅಂತ್ಯಕ್ರಿಯೆ. ದೇಹವನ್ನು ಸುಡುವುದಿಲ್ಲ, ವಿಭೂತಿ ಧರಿಸಿ, ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಸಮಾಧಿ ಮಾಡುತ್ತಾರೆ. ಪೂಜೆಗೆ ಕುಳಿತವನು ಹೇಗಿರುತ್ತಾನೋ ಸತ್ತವನೂ ಹಾಗೆಯೇ ಇದ್ದಾನೆ. ಪ್ರೇತಸೂತಕವನ್ನು ಸಿದ್ಧಾಂತವು ಒಪ್ಪುವುದಿಲ್ಲ. ಹಾಗಿದ್ದರೂ ಹಳೆಯ ಮೈಸೂರಿನ ಅನೇಕ ಮನೆಗಳಲ್ಲಿ ಹನ್ನೊಂದನೆಯ ದಿನದ ಶಿವಗಣಾರಾಧನೆ ನಡೆಯುತ್ತದೆ, ಹಿರಿಯರ ಹಬ್ಬಕ್ಕೆ ಎಡೆಯನ್ನೂ ಇಡುತ್ತಾರೆ. ಇದನ್ನು ಸಿದ್ಧಾಂತದಿಂದ ಜಾರಿದ್ದು ಎಂದು ಬಯ್ಯುವ ಬದಲು, ಸತ್ತವರಿಗಾಗಿ ಮಾಡಲು ಏನೂ ಇಲ್ಲ ಎಂಬ ಮಾತನ್ನು ದುಃಖದಲ್ಲಿರುವವರು ತಾಳಿಕೊಳ್ಳುವುದು ಎಷ್ಟು ಕಷ್ಟ ಎಂಬುದಕ್ಕೆ ಸಾಕ್ಷಿಯೆಂದು ನಾನು ತೆಗೆದುಕೊಳ್ಳುತ್ತೇನೆ.

ವೇದಾಂತದ ಮೂರು ಮತಗಳ ಬಗ್ಗೆ ಇಲ್ಲಿ ಹೆಚ್ಚು ನಿಲ್ಲುವುದಿಲ್ಲ. ಜ್ಞಾನಿಯ ಪ್ರಾಣಗಳು ಎಲ್ಲಿಗೂ ಹೊರಟುಹೋಗುವುದಿಲ್ಲವೆಂಬ ಬೃಹದಾರಣ್ಯಕದ ಮಾತನ್ನು ಹಿಡಿದು, ಹೋಗಿ ಸೇರುವ ಊರೇ ಇಲ್ಲವೆಂದು ಅದ್ವೈತಿಗಳು ಹೇಳುತ್ತಾರೆ. ರಾಮಾನುಜರ ಅನುಯಾಯಿಗಳು ಬದುಕಿರುವಾಗಲೇ ಮುಕ್ತಿ ಎಂಬುದನ್ನು ಒಪ್ಪದೆ, ಅರ್ಚಿರಾದಿ ಎಂಬ ಬೆಳಕಿನ ಮಾರ್ಗದಿಂದ ವೈಕುಂಠ ಸೇರುವುದನ್ನು ಹೇಳುತ್ತಾರೆ. ಆದರೆ ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ನಿಲುವು ಬೆಚ್ಚಿಬೀಳಿಸುವಂಥದು. ಜೀವರಲ್ಲಿ ಮುಕ್ತಿಗೆ ಯೋಗ್ಯರು, ಸಂಸಾರದಲ್ಲಿಯೇ ಸುತ್ತುವವರು, ಅಂಧಂತಮಸ್ಸೆಂಬ ಕಡುಗತ್ತಲೆಗೆ ಯೋಗ್ಯರು ಎಂದು ಸ್ವಭಾವದಿಂದಲೇ ಮೂರು ಬಗೆ. ಕೊನೆಯವರಿಗೆ ಆ ಕತ್ತಲಿನಿಂದ ಬಿಡುಗಡೆಯೆಂಬುದಿಲ್ಲ. ಮುಕ್ತರಲ್ಲಿಯೂ ಆನಂದ ಸಮನಾಗಿಲ್ಲ, ಚಿಕ್ಕ ಚೊಂಬು ದೊಡ್ಡ ಹಂಡೆ ಎರಡೂ ತುಂಬಿರುತ್ತವೆ, ಆದರೆ ಹಿಡಿದಿರುವ ನೀರು ಒಂದೇ ಅಳತೆಯದಲ್ಲ ಎಂದು ಆ ಸಂಪ್ರದಾಯದವರು ವಿವರಿಸುತ್ತಾರೆ. ನಿತ್ಯನರಕದ ಈ ವಿಚಾರ ಕರಾವಳಿಯ ಕ್ರೈಸ್ತರಿಂದ ಬಂದಿರಬೇಕೆಂದು ಕೆಲವು ಪಾಶ್ಚಾತ್ಯ ವಿದ್ವಾಂಸರು ಊಹಿಸಿದ್ದುಂಟು. ಅದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಕ್ರೈಸ್ತ ನರಕ ಒಂದು ತೀರ್ಪಿನ ಫಲ, ಮಧ್ವರದು ಜೀವದ ಅನಾದಿ ಸ್ವಭಾವ ಬಯಲಾಗುವ ಬಗೆ. ಒಂದನ್ನು ಇನ್ನೊಂದರಿಂದ ಪಡೆಯಲು ಬರುವುದಿಲ್ಲ. ಗಮನಿಸಬೇಕಾದುದೆಂದರೆ, ಜೀವದ ಗತಿ ಹೀಗೆ ನಿಶ್ಚಿತವಾಗಿದ್ದರೂ ಮಾಧ್ವರು ಶ್ರಾದ್ಧವನ್ನು ಬಿಡಲಿಲ್ಲ. ಪಿತೃಗಳ ಒಳಗೆ ವಸು, ರುದ್ರ, ಆದಿತ್ಯರು, ಅವರ ಒಳಗೆ ಪ್ರದ್ಯುಮ್ನ, ಸಂಕರ್ಷಣ, ವಾಸುದೇವರು ಎಂದು ಅನುಸಂಧಾನ ಮಾಡುವುದರಿಂದ ಎಳ್ಳುನೀರು ಕೊನೆಗೆ ತಲುಪುವುದು ವಿಷ್ಣುವಿಗೆ. ಕ್ರಿಯೆ ಹಳೆಯದೇ ಉಳಿಯಿತು, ಪಡೆಯುವವನು ಬದಲಾದ.

ಅದೇ ಉಡುಪಿಯ ಸುತ್ತಿನ ತುಳುವರ ಮನೆಗಳಲ್ಲಿ ಸತ್ತವರು ಇಷ್ಟು ದೂರ ಹೋಗುವುದಿಲ್ಲ. ಅವರು ಕುಲೆಗಳಾಗಿ ಕುಟುಂಬದ ಆಸುಪಾಸಿನಲ್ಲಿಯೇ ಇರುತ್ತಾರೆ, ಬೊಜ್ಜವೆಂಬ ಉತ್ತರಕ್ರಿಯೆಯಲ್ಲಿಯೂ ಹಬ್ಬಗಳಲ್ಲಿಯೂ ಅವರಿಗೆ ಎಲೆ ಹಾಕಿ ಬಡಿಸಬೇಕು. ಕೊಡವರು ಕುಲದ ಮೂಲಪುರುಷನಾದ ಕಾರಣನಿಗೆ ಮಾಂಸ ಮದ್ಯಗಳನ್ನು ಅರ್ಪಿಸುವುದೂ, ಬಯಲುಸೀಮೆಯವರು ಮಾರ್ನಮಿಯ ಹೊತ್ತಿಗೆ ಸತ್ತವರು ಇಷ್ಟಪಡುತ್ತಿದ್ದ ತಿಂಡಿ, ಬೀಡಿ, ಹೊಸ ಬಟ್ಟೆಗಳನ್ನು ಎಡೆಯಲ್ಲಿಡುವುದೂ ಇದೇ ತಿಳಿವಳಿಕೆಯ ನೆರೆಹೊರೆಯವು. ಆದರೆ ತುಳುನಾಡಿನ ಕುಲೆ ಮದಿಮೆ ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದಿದೆ. ಮದುವೆಯಾಗದೆ ಸತ್ತ ಹುಡುಗನಿಗೂ ಹುಡುಗಿಗೂ ಎರಡು ಕುಟುಂಬಗಳು ಸೇರಿ, ಬಳಿಯನ್ನು, ಎಂದರೆ ಕುಲದ ಗೋತ್ರವನ್ನು, ನೋಡಿ, ಸೀರೆ ಧಾರೆಗಳ ಶಾಸ್ತ್ರ ಸಹಿತ ಮದುವೆ ಮಾಡುತ್ತವೆ. 2024ರಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು, 30 ವರ್ಷಗಳ ಹಿಂದೆ ತೀರಿಕೊಂಡ ಹೆಣ್ಣುಮಗುವಿಗೆ ವರ ಬೇಕಾಗಿದೆಯೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ದೂರದವರು ನಕ್ಕರು. ನಗುವವರು ಅದರೊಳಗಿನ ತರ್ಕವನ್ನು ನೋಡಲಿಲ್ಲ. ಈ ಲೋಕದೃಷ್ಟಿಯಲ್ಲಿ ಸತ್ತ ಮಗು ಮಗುವಾಗಿಯೇ ನಿಂತುಬಿಡುವುದಿಲ್ಲ; ಆಚೆಯೂ ವರ್ಷಗಳು ಉರುಳುತ್ತವೆ, ಅದಕ್ಕೆ ಪ್ರಾಯ ಬರುತ್ತದೆ, ಹೆತ್ತವರ ಹೊಣೆ ಮುಂದುವರಿಯುತ್ತದೆ. ಜೀವವು ಕೆಲವೇ ಸಮಯಗಳಲ್ಲಿ ಬೇರೆ ದೇಹ ಹಿಡಿದು, ಹಿಂದಿನ ತಂದೆತಾಯಿಗಳಿಗೆ ಏನೂ ಅಲ್ಲದಂತಾಗುತ್ತದೆ ಎನ್ನುವ ಜೈನ ಬಸದಿಗಳೂ, 30 ವರ್ಷ ಕಳೆದ ಮೇಲೆಯೂ ಮಗಳಿಗೆ ವರ ಹುಡುಕುವ ಮನೆಗಳೂ ಒಂದೇ ಜಿಲ್ಲೆಯಲ್ಲಿವೆ.

ಕ್ರೈಸ್ತರೆಲ್ಲರದೂ ಒಂದೇ ಉತ್ತರವೆಂದು ತಿಳಿಯುವವರಿಗೆ ಮಂಗಳೂರೇ ಸಾಕು. ಅಲ್ಲಿನ ಕ್ಯಾಥೊಲಿಕರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ದೀಪ ಹಚ್ಚಿ, ಶುದ್ಧೀಕರಣದ ಸ್ಥಿತಿಯಲ್ಲಿರುವ ಆತ್ಮಗಳಿಗಾಗಿ ಪೂಜೆ ಹೇಳಿಸುತ್ತಾರೆ. ಬದುಕಿರುವವರ ಪ್ರಾರ್ಥನೆ ಆ ಆತ್ಮಗಳಿಗೆ ನೆರವಾಗುತ್ತದೆ ಎಂಬುದು ಅವರ ಸಭೆಯ ಬೋಧನೆ. 1834ರಲ್ಲಿ ಅದೇ ಊರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು, ಲೂಥರನ ನಂತರದ ಬಹುಪಾಲು ಪ್ರೊಟೆಸ್ಟೆಂಟರಂತೆ, ಅಂಥ ನಡುವಿನ ಸ್ಥಿತಿಯನ್ನೇ ಒಪ್ಪಲಿಲ್ಲ. ಮುಸ್ಲಿಮರಲ್ಲಿಯೂ, ಮಣ್ಣಾದ ದಿನದಿಂದ ಕಿಯಾಮತ್ ಎಂಬ ಕೊನೆಯ ತೀರ್ಪಿನ ದಿನದವರೆಗಿನ ಬರ್ಜಖ್ ಎಂಬ ನಡುವಿನ ಸ್ಥಿತಿಯಲ್ಲಿರುವವರಿಗೆ ಕುರಾನಿನ ಫಾತಿಹಾ ಅಧ್ಯಾಯ ಓದಿದ ಪುಣ್ಯ ಸಲ್ಲುತ್ತದೆಯೇ ಎಂಬ ವಿಚಾರದಲ್ಲಿ ಪಂಗಡಗಳ ನಡುವೆ ಭಿನ್ನಾಭಿಪ್ರಾಯವಿದೆ. ಎಂದರೆ ನಾನು ಹೇಳುತ್ತಿರುವ ಪ್ರಶ್ನೆ ಮತಗಳನ್ನು ಬೇರ್ಪಡಿಸುವುದಕ್ಕಿಂತ ಹೆಚ್ಚಾಗಿ ಒಂದೊಂದು ಮತವನ್ನೂ ಒಳಗಿನಿಂದ ಸೀಳುತ್ತದೆ.

ಇಷ್ಟು ಹೇಳಿದ ಮೇಲೆ, ಎಲ್ಲ ಹೊಳೆಗಳೂ ಸೇರುವುದು ಕಡಲನ್ನೇ ಅಲ್ಲವೇ ಎಂದು ಕೇಳುವವರು ಈ ಸಭೆಯಲ್ಲಿಯೂ ಇರಬಹುದು. ಅದು ಸೌಹಾರ್ದದ ಮಾತು, ಅದರ ಹಿಂದಿನ ಮನಸ್ಸಿಗೆ ನನ್ನ ಗೌರವವಿದೆ. ಆದರೆ ಓದುವ ಕ್ರಮವಾಗಿ ಅದು ಕೆಲಸಕ್ಕೆ ಬಾರದು, ಏಕೆಂದರೆ ನಂದಿಸೇನನ ಉಪವಾಸಕ್ಕೂ ಕಾಳಿಯ ಕಲ್ಲಿಗೂ ಕುಲೆಗಳ ಮದುವೆಗೂ ಇರುವ ವ್ಯತ್ಯಾಸವನ್ನು ಅದು ಒರೆಸಿಹಾಕುತ್ತದೆ, ಆ ವ್ಯತ್ಯಾಸಕ್ಕಾಗಿ ಹಸಿದವರನ್ನೂ ವಾದಿಸಿದವರನ್ನೂ ತಿಳಿಯದವರೆಂದು ಪರೋಕ್ಷವಾಗಿ ಹೇಳಿಬಿಡುತ್ತದೆ. ಒಪ್ಪದ ಮತವನ್ನು ಅದರ ಪೂರ್ಣ ಬಲದಲ್ಲಿ ಮುಂದಿಟ್ಟುಕೊಂಡು ಓದುವ ಪದ್ಧತಿ ನಮಗೆ ಹೊಸದೇನೂ ಅಲ್ಲ. 14ನೆಯ ಶತಮಾನದಲ್ಲಿ ವಿಜಯನಗರದ ವಿದ್ವಾಂಸರ ವಲಯದಿಂದ ಬಂದ, ಮಾಧವಾಚಾರ್ಯರ ಹೆಸರಿನಲ್ಲಿರುವ ಸರ್ವದರ್ಶನಸಂಗ್ರಹವು ಹತ್ತಾರು ದರ್ಶನಗಳನ್ನು ವಿವರಿಸುವಾಗ ಮೊದಲು ಎತ್ತಿಕೊಳ್ಳುವುದೇ ಪರಲೋಕವಿಲ್ಲವೆನ್ನುವ ಚಾರ್ವಾಕನನ್ನು. ಸತ್ತವರಿಗೆ ಶ್ರಾದ್ಧದಿಂದ ತೃಪ್ತಿಯಾಗುವುದಾದರೆ ಪಯಣ ಹೊರಟವರಿಗೆ ಬುತ್ತಿ ಕಟ್ಟುವುದೇಕೆ, ಮನೆಯಲ್ಲಿಯೇ ಬಡಿಸಿಬಿಡಬಹುದಲ್ಲ ಎಂಬ ಅವನ ಕೊಂಕನ್ನು, ಶ್ರಾದ್ಧವನ್ನು ಪೂರ್ತಿಯಾಗಿ ನಂಬುತ್ತಿದ್ದ ಆ ಗ್ರಂಥಕಾರನು ಒಂದಕ್ಷರವನ್ನೂ ಮೆತ್ತಗೆ ಮಾಡದೆ ಶ್ಲೋಕಸಹಿತ ಬರೆದಿಟ್ಟಿದ್ದಾನೆ. ಚಾರ್ವಾಕರ ಸ್ವಂತ ಗ್ರಂಥಗಳು ಉಳಿದುಬಂದಿಲ್ಲ. ಅವರ ಮಾತುಗಳಲ್ಲಿ ನಮಗೆ ದೊರೆತಿರುವುದು ಬಹುಮಟ್ಟಿಗೆ ಅವರನ್ನು ಒಪ್ಪದವರು ಬರೆದಿಟ್ಟುಕೊಂಡದ್ದು ಮಾತ್ರ.